ಗಡಿಕಲ್ಲಿಗೆ ನಿಲ್ಲದ ನೆಲ

2022ರ ಮೇ 10ರಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರೊಡ್ಯಾಂಥಿ ಎಂಬ ಊರಿನಲ್ಲಿ ಒಂದೇ ದಿನ ಎರಡು ಮನೆಗಳು ಕಡಲಿಗೆ ಬಿದ್ದವು. ಅವುಗಳಲ್ಲಿ ಒಂದರ ವಿಡಿಯೋ ಲೋಕವೆಲ್ಲ ಸುತ್ತಿತು. ಉದ್ದನೆಯ ಮರದ ಕಂಬಗಳ ಮೇಲೆ ನಿಂತ ಎರಡಂತಸ್ತಿನ ಮನೆ. ಎತ್ತು ಮಲಗುವಾಗ ಮೊದಲು ಮುಂಗಾಲು ಮಡಚುತ್ತದಲ್ಲ, ಹಾಗೆ ಕಂಬಗಳು ಮಡಚಿಕೊಂಡವು. ಆಮೇಲೆ ಇಡೀ ಮನೆ ಮಾಡು, ಕಿಟಕಿ, ಜಗಲಿ ಸಮೇತ ನೀರಿಗೆ ಕೂತು ಅಲೆಗಳ ಮೇಲೆ ದೋಣಿಯ ಹಾಗೆ ತೊನೆಯಿತು. ಒಳಗೆ ಯಾರೂ ಇರಲಿಲ್ಲ. ನೋಡಿದವರ ಬಾಯಲ್ಲಿ ಬಂದದ್ದು ಒಂದೇ ಮಾತು: ಸಮುದ್ರ ಮನೆಯನ್ನು ನುಂಗಿತು.

ಈ 'ನುಂಗಿತು' ಎಂಬ ಕ್ರಿಯಾಪದದ ಮೇಲೆ ನನಗೆ ತಕರಾರಿದೆ. ನುಂಗುವುದಕ್ಕೆ ಒಂದು ಬಾಯಿ ಬೇಕು, ಒಂದು ಹಸಿವು ಬೇಕು, ಮತ್ತೆ ತನ್ನ ಪಾಡಿಗೆ ತಾನಿದ್ದ ಒಂದು ಬಡಪಾಯಿ ತುತ್ತು ಬೇಕು. ರೊಡ್ಯಾಂಥಿಯಲ್ಲಿ ನಡೆದದ್ದು ಬೇರೆ. ಆ ಮನೆ ಕಟ್ಟಿದಾಗ ಅದರ ಮುಂದೆ ಅಗಲವಾದ ಮರಳ ದಂಡೆಯಿತ್ತು. ಆ ಭಾಗದಲ್ಲಿ ದಂಡೆ ವರ್ಷಕ್ಕೆ ಮೂರು ನಾಲ್ಕು ಮೀಟರಿನಂತೆ ಒಳನಾಡಿನ ಕಡೆಗೆ ಸರಿಯುತ್ತ ಬಂದಿದೆ. ಸರಿಯುತ್ತ ಸರಿಯುತ್ತ ಅದು ಮನೆಯ ಅಡಿಯಲ್ಲೇ ತೂರಿ ಹಿಂದಕ್ಕೆ ಹೋಯಿತು. ದಂಡೆ ನಡೆಯಿತು, ಮನೆ ಅಲ್ಲೇ ನಿಂತಿತು. ಹೀಗೆ ನೋಡಿದರೆ ತಪ್ಪಿದ್ದು ಯಾರ ಹೆಜ್ಜೆ ಎಂಬ ಪ್ರಶ್ನೆ ಏಳುತ್ತದೆ. ಇಡೀ ಲೇಖನದಲ್ಲಿ ನಾನು ಕೇಳಬೇಕೆಂದಿರುವುದು ಅದೊಂದೇ.

ರೊಡ್ಯಾಂಥಿ ಇರುವುದು 'ಔಟರ್ ಬ್ಯಾಂಕ್ಸ್' ಎಂಬ ಮರಳಿನ ಪಟ್ಟಿಯ ಮೇಲೆ. ನಾರ್ತ್ ಕೆರೊಲಿನಾದ ಮುಖ್ಯ ನೆಲಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ಸುಮಾರು 300 ಕಿ.ಮೀ. ಉದ್ದಕ್ಕೆ ಬಿಲ್ಲಿನಂತೆ ಬಾಗಿ ಹರಡಿರುವ ದ್ವೀಪಗಳ ಸಾಲು ಅದು. ಒಂದು ಪಕ್ಕ ಸಾಗರ, ಇನ್ನೊಂದು ಪಕ್ಕ ಪ್ಯಾಮ್ಲಿಕೊ ಎಂಬ ವಿಶಾಲ ಹಿನ್ನೀರು. ಕೆಲವು ಕಡೆ ರಸ್ತೆಯಲ್ಲಿ ನಿಂತು ಎರಡೂ ನೀರನ್ನು ನೋಡಬಹುದು. ಮರವಂತೆಯಲ್ಲಿ ಬಸ್ಸಿನ ಎಡಬಲ ಕಿಟಕಿಗಳಿಂದ ಕಡಲನ್ನೂ ಸೌಪರ್ಣಿಕೆಯನ್ನೂ ಒಟ್ಟಿಗೆ ಕಂಡವರಿಗೆ ಈ ಚಿತ್ರ ಹೊಸದಲ್ಲ. ಇಂಥ ದ್ವೀಪಗಳನ್ನು ಇಂಗ್ಲಿಷಿನವರು 'ಬ್ಯಾರಿಯರ್ ಐಲೆಂಡ್' ಎನ್ನುತ್ತಾರೆ. ತಡೆದ್ವೀಪ ಎನ್ನೋಣ. ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಡೆದ್ವೀಪಗಳಿವೆ. ಹೆಸರು ಇಟ್ಟವರು ಮುಖ್ಯ ನೆಲದಲ್ಲಿ ನಿಂತು ಕಡಲ ಕಡೆ ನೋಡಿದವರಿರಬೇಕು. ಅಲೆಯ ಹೊಡೆತವನ್ನು ತಡೆಯುವುದು ಅದರ ಕೆಲಸ ಎಂದುಕೊಂಡರು. ತಡೆಯುವುದಕ್ಕೆ ನಿಲ್ಲಬೇಕಲ್ಲ? ನಿಲ್ಲುವುದು ಮಾತ್ರ ಈ ದ್ವೀಪಗಳ ಜಾಯಮಾನದಲ್ಲೇ ಇಲ್ಲ.

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಕಡಲಿನ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಇವತ್ತು ಮೀನುಗಾರಿಕೆ ಬೋಟುಗಳು ಓಡಾಡುವ ಜಾಗದಲ್ಲಿ ಆಗ ಕಾಡಿತ್ತು, ನದಿಗಳು ಹರಿಯುತ್ತಿದ್ದವು. ಹಿಮ ಕರಗಿದಂತೆ ಕಡಲು ಏರಿತು. ಅಮೆರಿಕದ ಆ ಕರಾವಳಿ ಬಯಲು ತೀರಾ ಸಪಾಟು, ಊಟದ ಬಾಳೆಲೆಯ ಮೇಲೆ ಚೆಲ್ಲಿದ ನೀರಿನ ಹಾಗೆ ಕಡಲು ಅಲ್ಲಿ ಒಂದಡಿ ಮೇಲೇರಿದರೆ ನೂರಾರು ಅಡಿ ಒಳನುಗ್ಗುತ್ತದೆ. ಐದಾರು ಸಾವಿರ ವರ್ಷಗಳ ಹಿಂದೆ ಏರಿಕೆಯ ವೇಗ ತಗ್ಗಿತು. ಆಗ ಅಲೆ, ಗಾಳಿ, ಪ್ರವಾಹಗಳು ಮರಳನ್ನು ಕೂಡಿಹಾಕಿ ಈಗ ಕಾಣುವ ದ್ವೀಪಸಾಲಿಗೆ ರೂಪ ಕೊಟ್ಟವು. ಅವು ಹೇಗೆ ಹುಟ್ಟಿದವು ಎಂಬುದರ ಬಗ್ಗೆ ಭೂವಿಜ್ಞಾನಿಗಳು ಹತ್ತೊಂಬತ್ತನೇ ಶತಮಾನದಿಂದ ಜಗಳವಾಡುತ್ತಲೇ ಬಂದರು. ಕಡಲಡಿಯ ದಿಣ್ಣೆ ಮೇಲೆದ್ದಿತು ಎಂದು ಫ್ರಾನ್ಸಿನ ಎಲಿ ದ ಬೋಮಾಂಟ್ 1845ರಲ್ಲಿ ಹೇಳಿದರೆ, ದಂಡೆಗುಂಟ ಬೆಳೆದ ಮರಳಿನ ನಾಲಿಗೆ ತುಂಡಾಯಿತು ಎಂದು ಅಮೆರಿಕದ ಗಿಲ್ಬರ್ಟ್ 1885ರಲ್ಲಿ ವಾದಿಸಿದ. ಒಂದೊಂದು ಕಡೆ ಒಂದೊಂದು ನಿಜ ಎಂಬಲ್ಲಿಗೆ ಈಗ ಜಗಳ ಮುಗಿದಿದೆ.

ಹುಟ್ಟಿಗಿಂತ ಕುತೂಹಲದ್ದು ನಡಿಗೆ. ಆ ನಡಿಗೆಗೆ ಸಾಕ್ಷಿ ಬೇಕಿದ್ದರೆ ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಔಟರ್ ಬ್ಯಾಂಕ್ಸಿನ ಸಾಗರದ ಬದಿಯ ದಂಡೆಯಲ್ಲಿ ಸಿಂಪಿಯ ಚಿಪ್ಪುಗಳು ಬಿದ್ದಿರುತ್ತವೆ. ಹಳೆಯ ಕಬ್ಬಿಣದ ಬಣ್ಣಕ್ಕೆ ತಿರುಗಿದ, ಅಂಚು ಸವೆದ ದಪ್ಪ ಚಿಪ್ಪುಗಳು. ಈ ಜಾತಿಯ ಸಿಂಪಿ ಅಲೆಯಬ್ಬರದ ತೆರೆದ ಸಾಗರದಲ್ಲಿ ಬದುಕುವುದಿಲ್ಲ. ಅದಕ್ಕೆ ಸಿಹಿನೀರು ಬೆರೆತ, ಶಾಂತವಾದ ಹಿನ್ನೀರೇ ಬೇಕು. ಹಿನ್ನೀರಿರುವುದು ದ್ವೀಪದ ಆ ಪಕ್ಕದಲ್ಲಿ. ಹಾಗಾದರೆ ಚಿಪ್ಪು ಈ ಪಕ್ಕಕ್ಕೆ ಬಂದದ್ದು ಹೇಗೆ? ಚಿಪ್ಪು ಎಲ್ಲಿಗೂ ಬರಲಿಲ್ಲ. ಸಿಂಪಿ ಬದುಕಿದ್ದಾಗ ಆ ಜಾಗ ಹಿನ್ನೀರಾಗಿತ್ತು, ದ್ವೀಪ ಇನ್ನೂ ಆಚೆ ಸಾಗರದಲ್ಲಿತ್ತು. ದ್ವೀಪ ಸಿಂಪಿಯ ಮೇಲೆ ಹಾದು, ಅದನ್ನು ಹೂತು, ದಾಟಿ ಈಚೆಗೆ ಬಂತು. ಹೂತದ್ದನ್ನು ಅಲೆ ಈಗ ಅಗೆದು ಹೊರಹಾಕುತ್ತಿದೆ. ಇಂಥ ಕೆಲವು ಚಿಪ್ಪುಗಳ ವಯಸ್ಸು ಸಾವಿರಾರು ವರ್ಷ. ಬಿರುಗಾಳಿ ಕಳೆದ ಮರುದಿನ ಕೆಲವೊಮ್ಮೆ ದಂಡೆಯಲ್ಲಿ ಕಪ್ಪು ಜವುಗುಮಣ್ಣಿನ ಹಾಸು, ಅದರಲ್ಲಿ ಬೇರೂರಿದ ಮರದ ಬುಡಗಳೂ ಬಯಲಾಗುತ್ತವೆ. ಅವೂ ಒಂದು ಕಾಲಕ್ಕೆ ದ್ವೀಪದ ಹಿತ್ತಿಲಾಗಿದ್ದವು. ಹಿತ್ತಿಲು ಅಂಗಳವಾಗಿ, ಅಂಗಳ ಕಡಲಾಗುವುದು ಅಲ್ಲಿಯ ಕ್ರಮ.

ದ್ವೀಪವನ್ನು ಹೀಗೆ ನಡೆಸುವ ಕೂಲಿಯಾಳು ಯಾರೆಂದರೆ, ನಾವು ಶತ್ರು ಎಂದು ಬೈಯುವ ತೂಫಾನೇ. ಚಂಡಮಾರುತದಲ್ಲಿ ನೀರು ಉಬ್ಬಿ ದ್ವೀಪದ ಮೇಲೆ ಹಾದುಹೋಗುವಾಗ ದಂಡೆಯ ಮರಳನ್ನು ಹೊತ್ತುಕೊಂಡೇ ಹೋಗುತ್ತದೆ. ಆಚೆ ಬದಿಗೆ ತಲುಪಿ ವೇಗ ಕಳೆದುಕೊಂಡಾಗ ಅದನ್ನು ಬೀಸಣಿಗೆಯ ಆಕಾರದಲ್ಲಿ ಹರವಿ ಬಿಡುತ್ತದೆ. ಜವುಗಿನ ಹುಲ್ಲು ಹೂತುಹೋಗುತ್ತದೆ. ಒಂದೆರಡು ವರ್ಷದಲ್ಲಿ ಆ ಮರಳನ್ನು ಸೀಳಿಕೊಂಡು ಹೊಸ ಹುಲ್ಲು ಏಳುತ್ತದೆ. ಹೀಗೆ ಮುಂದೆ ಕಳೆದದ್ದು ಹಿಂದೆ ಸೇರುತ್ತದೆ; ದ್ವೀಪ ಕೊಂಚ ಎತ್ತರವಾಗುತ್ತದೆ, ಕೊಂಚ ಒಳಸರಿಯುತ್ತದೆ. ಇನ್ನೂ ಬಿರುಸಾದ ತೂಫಾನಾದರೆ ದ್ವೀಪವೇ ಸೀಳಿ ಹೊಸ ಅಳಿವೆ ತೆರೆದುಕೊಳ್ಳುತ್ತದೆ. ಉಬ್ಬರದ ನೀರು ಆ ಬಾಗಿಲಿಂದ ಮರಳನ್ನು ಹಿನ್ನೀರಿಗೆ ಸುರಿಯುತ್ತದೆ. ಮುಂದೊಂದು ದಿನ ಅಳಿವೆ ಮುಚ್ಚಿಕೊಂಡಾಗ, ಸುರಿದ ಆ ಗುಡ್ಡೆಯೇ ದ್ವೀಪದ ಹೊಸ ಬೆನ್ನು. ತೂಫಾನು ಬರದಿದ್ದರೆ ಏರುತ್ತಿರುವ ಕಡಲಿನೆದುರು ಈ ದ್ವೀಪಗಳು ನಿಂತಲ್ಲೇ ಮುಳುಗುತ್ತಿದ್ದವು.

ಈ ಮಾತು ಅತಿಯಾಯಿತು ಅನ್ನಿಸಿದರೆ 1930ರ ದಶಕದಲ್ಲಿ ಆದದ್ದನ್ನು ನೋಡಬೇಕು. ಅಮೆರಿಕದಲ್ಲಿ ಆರ್ಥಿಕ ಕುಸಿತದ ದಿನಗಳು. ಕೆಲಸವಿಲ್ಲದ ಯುವಕರನ್ನು ಸರ್ಕಾರ 'ಸಿವಿಲಿಯನ್ ಕನ್ಸರ್ವೇಶನ್ ಕೋರ್' ಎಂಬ ಪಡೆಗೆ ಸೇರಿಸಿ, ಔಟರ್ ಬ್ಯಾಂಕ್ಸಿಗೆ ಕಳಿಸಿತು. ಅವರು ದಂಡೆಯುದ್ದಕ್ಕೂ ಕಡ್ಡಿಕೊಂಬೆಯ ಬೇಲಿ ನೆಟ್ಟರು. ಗಾಳಿಯಲ್ಲಿ ಹಾರಿಬಂದ ಮರಳು ಬೇಲಿಗೆ ತಡೆದು ದಿಬ್ಬವಾಯಿತು. ಅದರ ಮೇಲೆ ಹುಲ್ಲು ನೆಟ್ಟರು. ಕೆಲವೇ ವರ್ಷಗಳಲ್ಲಿ ಕೋಟೆಗೋಡೆಯಂಥ ದಿಬ್ಬದ ಸಾಲು ಎದ್ದು ನಿಂತಿತು. ಅದರ ಮರೆಯಲ್ಲಿ ಹೆದ್ದಾರಿ ಬಂತು, ಮೋಟೆಲುಗಳು ಬಂದವು, ನಿವೇಶನಗಳು ಬಂದವು. ಕೆಲಸ ಚೆನ್ನಾಗಿಯೇ ಆಗಿತ್ತು. ಚೆನ್ನಾಗಿ ಆದದ್ದೇ ತೊಂದರೆ. 1970ರ ಆಸುಪಾಸಿನಲ್ಲಿ ರಾಬರ್ಟ್ ಡೋಲನ್ ಮತ್ತು ಪಾಲ್ ಗಾಡ್‌ಫ್ರಿ ಎಂಬ ವಿಜ್ಞಾನಿಗಳು ಈ ಭಾಗವನ್ನು, ದಕ್ಷಿಣಕ್ಕೆ ಯಾರೂ ದಿಬ್ಬ ಕಟ್ಟದೆ ಬಿಟ್ಟಿದ್ದ ಕೋರ್ ಬ್ಯಾಂಕ್ಸ್ ದ್ವೀಪಗಳೊಂದಿಗೆ ಹೋಲಿಸಿ ನೋಡಿದರು. ಅಲ್ಲಿ ತಗ್ಗಾದ, ಅಗಲವಾದ ದಂಡೆ. ತೂಫಾನು ಬಂದರೆ ನೀರು ಹಾದುಹೋಗುತ್ತದೆ, ಹಾನಿ ಕಡಿಮೆ. ಇಲ್ಲಿ ದಿಬ್ಬಕ್ಕೆ ಅಪ್ಪಳಿಸಿದ ಅಲೆ ವಾಪಸು ಹೋಗುವಾಗ ಮರಳನ್ನೂ ಎಳೆದುಕೊಂಡು ಹೋಗಿ ದಂಡೆ ಕಿರಿದಾಗಿತ್ತು. ಹಿನ್ನೀರಿನ ಬದಿಗೆ ಹೊಸ ಮರಳು ಹೋಗದೆ ಅಲ್ಲಿಯೂ ಕೊರೆತ ಶುರುವಾಗಿತ್ತು. ಮೇಣದ ಬತ್ತಿಯನ್ನು ಎರಡೂ ತುದಿಗೆ ಹಚ್ಚಿದಂತೆ ದ್ವೀಪ ಎರಡು ಕಡೆಯಿಂದಲೂ ಸಣ್ಣಗಾಗುತ್ತಿತ್ತು. 1973ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ದಿಬ್ಬ ಕಾಪಾಡುವ ಕೆಲಸವನ್ನು ಕೈಬಿಟ್ಟಿತು. ಅಷ್ಟರಲ್ಲಿ ದಿಬ್ಬವನ್ನು ನಂಬಿ ಬಂದವರು ಬಂದಾಗಿತ್ತು.

ಒಂದೇ ತೂಫಾನು ಎಲ್ಲ ಕಡೆ ಒಂದೇ ಥರ ಹೊಡೆಯುವುದಿಲ್ಲ. ಯಾಕೆಂಬ ಪ್ರಶ್ನೆಗೆ ಉತ್ತರ ಮರಳಿನ ಕೆಳಗಿದೆ. ಹಿಮಯುಗದಲ್ಲಿ ಆ ಬಯಲಿನ ಮೇಲೆ ಹರಿಯುತ್ತಿದ್ದ ನದಿಗಳ ಪಾತ್ರಗಳು ಈಗ ಕೆಸರು, ಮರಳು, ಗರಸು ತುಂಬಿಕೊಂಡು ದ್ವೀಪದ ಅಡಿಯಲ್ಲೂ ಅದರ ಮುಂದಿನ ಕಡಲಿನಡಿಯಲ್ಲೂ ಹೂತಿವೆ. ಎಲ್ಲಿ ಅಡಿಪಾಯ ಗಟ್ಟಿ, ಎಲ್ಲಿ ಸಡಿಲ, ಎಲ್ಲಿ ಮರಳಿನ ದಾಸ್ತಾನು ಹೆಚ್ಚು, ಎಲ್ಲಿ ಬರಿಗೈ ಎಂಬುದನ್ನು ಆ ಹಳೆಯ ನದಿಗಳೇ ತೀರ್ಮಾನಿಸಿಬಿಟ್ಟಿವೆ. ಈಸ್ಟ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರಿಗ್ಸ್ ದಶಕಗಳ ಕಾಲ ಈ ಒಳಗಿನ ನಕ್ಷೆಯನ್ನು ಬಿಡಿಸುತ್ತ ಹೋದರು. ದಿಬ್ಬದ ಮರೆಯಲ್ಲಿ ಬಂದ ಆ ಹೆದ್ದಾರಿ 12 ಪ್ರತಿ ಸಲವೂ ಹೆಚ್ಚುಕಡಿಮೆ ಅವೇ ಜಾಗಗಳಲ್ಲಿ ಕಿತ್ತುಹೋಗುವುದನ್ನು ಕಂಡು ದುರದೃಷ್ಟ ಎನ್ನುವವರು ಈ ನಕ್ಷೆಯನ್ನು ನೋಡಿದವರಲ್ಲ. 2003ರ ಸೆಪ್ಟೆಂಬರಿನಲ್ಲಿ ಇಸಬೆಲ್ ಚಂಡಮಾರುತ ಹ್ಯಾಟರಸ್ ಊರಿನ ಬಳಿ ರಸ್ತೆಯನ್ನು ಕತ್ತರಿಸಿ ಅರ್ಧ ಕಿಲೋಮೀಟರ್ ಅಗಲದ ಅಳಿವೆ ತೆರೆಯಿತು. ಎರಡು ತಿಂಗಳಲ್ಲಿ ಎಂಜಿನಿಯರುಗಳು ಮರಳು ತುಂಬಿಸಿ ಅದನ್ನು ಮುಚ್ಚಿದರು. 2011ರಲ್ಲಿ ಐರೀನ್ ಚಂಡಮಾರುತ ಬಂದು ಅದೇ ದ್ವೀಪಸಾಲಿನ ಪೀ ಐಲೆಂಡಿನಲ್ಲಿ ಇನ್ನೊಂದನ್ನು ತೆರೆಯಿತು. ಅದರ ಮೇಲೆ ತಾತ್ಕಾಲಿಕ ಸೇತುವೆ ಹಾಕಿದರು. ಕೊನೆಗೆ 2022ರಲ್ಲಿ ರೊಡ್ಯಾಂಥಿಯ ಹತ್ತಿರ ರಸ್ತೆಯನ್ನು ದ್ವೀಪದಿಂದಲೇ ಎತ್ತಿ, ಹಿನ್ನೀರಿನ ಮೇಲೆ ಸುಮಾರು ನಾಲ್ಕು ಕಿ.ಮೀ. ಸೇತುವೆಯಾಗಿ ಬಳಸಿಕೊಂಡು ತಂದರು. ದ್ವೀಪಕ್ಕೆ ಹೋಗುವ ರಸ್ತೆ ದ್ವೀಪದ ಮೇಲೆ ಇರಲಾಗದೆ ನೀರಿನ ಮೇಲೆ ನಿಂತಿದೆ.

ಅಳಿವೆಗಳ ಕತೆಗೆ ಮನುಷ್ಯರ ಕತೆಯೂ ಅಂಟಿಕೊಂಡಿದೆ. 1846ರ ಸೆಪ್ಟೆಂಬರಿನ ಒಂದೇ ಚಂಡಮಾರುತದಲ್ಲಿ ಹ್ಯಾಟರಸ್, ಓರೆಗನ್ ಎಂಬ ಎರಡು ಅಳಿವೆಗಳು ತೆರೆದುಕೊಂಡವು. ಅದಕ್ಕೂ ಮುಂಚೆ ಹಡಗುಗಳು ದಕ್ಷಿಣದ ಓಕ್ರಕೋಕ್ ಅಳಿವೆಯಿಂದ ಒಳಬರುತ್ತಿದ್ದವು. ದೊಡ್ಡ ಹಡಗಿನ ಸರಕನ್ನು ಸಣ್ಣ ದೋಣಿಗಳಿಗೆ ಇಳಿಸುವ ಕೆಲಸದಿಂದ ಪೋರ್ಟ್ಸ್‌ಮತ್ ಎಂಬ ಊರು ಚೆನ್ನಾಗಿ ಬೆಳೆದಿತ್ತು. ಹೊಸ ಬಾಗಿಲು ತೆರೆದ ಮೇಲೆ ಹಡಗುಗಳು ದಾರಿ ಬದಲಿಸಿದವು. ಪೋರ್ಟ್ಸ್‌ಮತ್ ಬರಿದಾಗತೊಡಗಿತು. ಕೊನೆಯ ನಿವಾಸಿಗಳು ಹೊರಟದ್ದು 1971ರಲ್ಲಿ. ಈಗ ಅಲ್ಲಿ ಚರ್ಚು, ಅಂಚೆ ಕಚೇರಿ, ಶಾಲೆ ಎಲ್ಲ ಇವೆ, ಜನ ಇಲ್ಲ. ಓರೆಗನ್ ಅಳಿವೆಯಂತೂ ಹುಟ್ಟಿದಂದಿನಿಂದ ದಕ್ಷಿಣಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ನಡೆದಿದೆ. 1963ರಲ್ಲಿ ಅದರ ಮೇಲೆ ಸೇತುವೆ ಕಟ್ಟಿದವರು ಕೆಳಗೆ ಹರಿಯುವ ನೀರನ್ನು ಅಲ್ಲೇ ಹಿಡಿದಿಡಲು ಹೂಳೆತ್ತಿ, ಕಲ್ಲಿನ ಗೋಡೆ ಕಟ್ಟಿ ದಣಿದರು. 2019ರಲ್ಲಿ ಹೊಸ ಸೇತುವೆ ಬಂತು. ಅದರಡಿ ಹಡಗು ಹೋಗುವ ಎತ್ತರದ ಕಮಾನುಗಳು ಒಂದಕ್ಕಿಂತ ಹೆಚ್ಚಿವೆ. ಕಾಲುವೆ ಯಾವ ಕಡೆ ಸರಿದರೂ ದಾರಿಯಿರಲಿ ಎಂಬ ಲೆಕ್ಕ ಅದು. ಅಷ್ಟಾದರೂ ಬುದ್ಧಿ ಬಂತಲ್ಲ.

ಅಳಿವೆಯನ್ನು ಹಿಡಿದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೇರಿಲ್ಯಾಂಡ್ ರಾಜ್ಯದಲ್ಲಿ ಪಾಠದಂಥ ಉದಾಹರಣೆಯಿದೆ. 1933ರ ಚಂಡಮಾರುತ ಓಶನ್ ಸಿಟಿ ಎಂಬ ಪ್ರವಾಸಿ ಊರಿನ ದಕ್ಷಿಣಕ್ಕೆ ದ್ವೀಪವನ್ನು ಸೀಳಿತು. ಮೀನುಗಾರರಿಗೆ ಅದು ಅನುಕೂಲವೇ ಆಗಿದ್ದರಿಂದ ಮುಚ್ಚಿಹೋಗದಂತೆ ಎರಡೂ ದಡಕ್ಕೆ ಕಲ್ಲಿನ ಗೋಡೆ ಕಟ್ಟಿದರು. ಆ ಕರಾವಳಿಯಲ್ಲಿ ಮರಳು ದಂಡೆಗುಂಟ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಗೋಡೆ ಅದನ್ನು ತಡೆಯಿತು. ಉತ್ತರದ ಓಶನ್ ಸಿಟಿಗೆ ಗೋಡೆಯ ಬುಡದಲ್ಲಿ ಅಗಲವಾದ ದಂಡೆ ಸಿಕ್ಕಿತು. ದಕ್ಷಿಣದ ಅಸಟೀಗ್ ದ್ವೀಪಕ್ಕೆ ಮರಳಿನ ಪಾಲು ನಿಂತುಹೋಯಿತು. ಅದರ ಉತ್ತರದ ತುದಿ ತನ್ನ ಇಡೀ ಅಗಲದಷ್ಟು ಒಳಕ್ಕೆ ಸರಿದಿದೆ. ಒಂದೇ ಗೆರೆಯಲ್ಲಿದ್ದ ಎರಡು ದಂಡೆಗಳು ಈಗ ಮುರಿದ ಕೈಯ ಎಲುಬಿನಂತೆ ಹಿಂದುಮುಂದಾಗಿವೆ. ಅಣ್ಣನ ಗದ್ದೆಗೆ ಕಟ್ಟೆ ಕಟ್ಟಿದರೆ ತಮ್ಮನ ಗದ್ದೆ ಒಣಗುವುದನ್ನು ನಾವು ನೀರಿನ ವಿಷಯದಲ್ಲಿ ಚೆನ್ನಾಗಿ ಬಲ್ಲೆವು. ಮರಳಿನ ವಿಷಯದಲ್ಲಿ ಯಾಕೋ ಹೊಳೆಯುವುದಿಲ್ಲ.

ಅದೇ ಅಸಟೀಗ್ ದ್ವೀಪದಲ್ಲಿ 1950ರ ದಶಕದಲ್ಲಿ ಸಾವಿರಾರು ನಿವೇಶನಗಳು ಮಾರಾಟವಾಗಿದ್ದವು. ಉದ್ದಕ್ಕೂ 'ಬಾಲ್ಟಿಮೋರ್ ಬುಲೆವಾರ್ಡ್' ಎಂಬ ಡಾಂಬರು ರಸ್ತೆಯೂ ಹಾಕಿಯಾಗಿತ್ತು. 1962ರ ಮಾರ್ಚ್‌ನಲ್ಲಿ ಬಂದ ತೂಫಾನು ಐದು ಉಬ್ಬರಗಳ ಕಾಲ ಜಗ್ಗದೆ ನಿಂತು, ರಸ್ತೆ ಕಿತ್ತು, ಮನೆಗಳನ್ನು ಒಯ್ದಿತು. ಮೂರು ವರ್ಷದ ಮೇಲೆ ಸರ್ಕಾರ ದ್ವೀಪವನ್ನು ರಾಷ್ಟ್ರೀಯ ಕಡಲತೀರ ಎಂದು ಘೋಷಿಸಿತು. ಇವತ್ತು ದಿಬ್ಬಗಳ ನಡುವಿನ ಕಾಲುದಾರಿಯಲ್ಲಿ ನಡೆದರೆ ಆ ರಸ್ತೆಯ ಡಾಂಬರಿನ ತುಂಡುಗಳು ಸಿಗುತ್ತವೆ. ಅವುಗಳ ಬಿರುಕಿನಲ್ಲಿ ಹುಲ್ಲು ಬೆಳೆದಿದೆ. ಪಕ್ಕದ ಓಶನ್ ಸಿಟಿಯಲ್ಲಿ ಬಹುಮಹಡಿ ಕಟ್ಟಡಗಳು. ಒಂದೇ ಮರಳು, ಒಂದೇ ತೂಫಾನು, ಎರಡು ತೀರ್ಮಾನ. ಓಶನ್ ಸಿಟಿ ತನ್ನ ದಂಡೆಗೆ ಮತ್ತೆ ಮತ್ತೆ ಹೊರಗಿನಿಂದ ಮರಳು ತಂದು ಸುರಿಯಬೇಕು. ಅಸಟೀಗಿನ ಕಾಡುಕುದುರೆಗಳಿಗೆ ಆ ಖರ್ಚಿಲ್ಲ. ದಂಡೆ ಸರಿದರೆ ಅವೂ ಸರಿಯುತ್ತವೆ.

ಕುದುರೆಗೆ ಸರಿ, ಮನುಷ್ಯರಿಗೆ? ಇಲ್ಲಿ ನನ್ನ ವಾದಕ್ಕೆ ಎದುರಾಗುವ ಗಟ್ಟಿ ಪ್ರಶ್ನೆ ಇದೆ, ಅದನ್ನು ತಪ್ಪಿಸಿಕೊಂಡು ಹೋಗಲಾಗದು. ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ಕೂಡ ತಡೆದ್ವೀಪದ ಮೇಲಿನ ನಗರವೇ. 1900ರ ಸೆಪ್ಟೆಂಬರ್ 8ರ ರಾತ್ರಿ ಅಲ್ಲಿ ಕಡಿಮೆಯೆಂದರೂ ಆರು ಸಾವಿರ ಜನ ಸತ್ತರು. ಊರಿನ ಅತಿ ಎತ್ತರದ ಜಾಗವೂ ಮೂರು ಮೀಟರಿಗಿಂತ ಕಡಿಮೆ ಇತ್ತು. ಬದುಕಿದವರು ಊರು ಬಿಡಲಿಲ್ಲ. ಐದು ಮೀಟರ್ ಎತ್ತರದ ತಡೆಗೋಡೆ ಕಟ್ಟಿದರು, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿ ಕೊಟ್ಟು ಎತ್ತಿ, ಕೆಳಗೆ ಮರಳು ನೀರು ಕಲಸಿ ಪಂಪು ಮಾಡಿ ಊರಿನ ನೆಲವನ್ನೇ ಏರಿಸಿದರು. ಮೂರು ಸಾವಿರ ಟನ್ನಿನ ಚರ್ಚನ್ನು ಏಳುನೂರು ಜಾಕಿಗಳು ಇಂಚಿಂಚಾಗಿ ಎತ್ತಿದವು. 1915ರಲ್ಲಿ ಮತ್ತೆ ಅಂಥದೇ ಚಂಡಮಾರುತ ಬಂದಾಗ ಗೋಡೆ ನಿಂತಿತು, ಊರು ಉಳಿಯಿತು. ಗೋಡೆ ದಡ್ಡತನ ಎಂದು ಆ ಊರಿನವರ ಮುಂದೆ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಗೋಡೆಯ ಮುಂದಿದ್ದ ದಂಡೆ ಕ್ರಮೇಣ ಕರಗಿಹೋಯಿತು ಎಂಬುದನ್ನೂ ಹೇಳಲೇಬೇಕು. ಅಲೆ ಗೋಡೆಯ ಬುಡಕ್ಕೆ ಬಂತು. ಗೋಡೆ ಕಾಯುವುದು ಗೋಡೆಯ ಹಿಂದಿನದನ್ನು ಮಾತ್ರ. ಎಲ್ಲಿ ಬೆಲೆ ತೆತ್ತಾದರೂ ನಿಲ್ಲಬೇಕು ಎಂದು ಯೋಚಿಸಿ ಒಂದು ಗ್ಯಾಲ್ವೆಸ್ಟನ್ನನ್ನು ಆರಿಸಿಕೊಳ್ಳುವುದು ಬೇರೆ, ಕಂಡ ದಂಡೆಗೆಲ್ಲ ಕಲ್ಲು ಹೊಡೆಯುವುದು ಬೇರೆ.

ಇನ್ನೊಂದು ತೊಡಕು ಲೂಯಿಸಿಯಾನಾದ್ದು. ನಡೆಯುವುದೇ ದ್ವೀಪದ ಆರೋಗ್ಯ ಎಂದೆ. ಎಲ್ಲ ದ್ವೀಪಗಳಿಗೂ ನಡೆಯುವ ಶಕ್ತಿ ಇರುವುದಿಲ್ಲ. ಮಿಸಿಸಿಪಿ ನದಿ ಸಾವಿರಾರು ವರ್ಷಗಳಲ್ಲಿ ಹಲವು ಸಲ ಹಾದಿ ಬದಲಿಸಿದೆ. ಬಿಟ್ಟುಬಂದ ಮುಖಜ ಭೂಮಿಗೆ ಹೊಸ ಮಣ್ಣು ಬರುವುದಿಲ್ಲ, ಹಳೆಯದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಅಂಚಿನ ಮರಳು ಮಾತ್ರ ತಡೆದ್ವೀಪವಾಗಿ ಉಳಿದು, ಅದೂ ಕೊನೆಗೆ ಮುಳುಗುತ್ತದೆ. 'ಈಲ್ ಡೆರ್ನಿಯೇರ್', ಅಂದರೆ ಕಟ್ಟಕಡೆಯ ದ್ವೀಪ, ಅಂಥದ್ದು. 1856ರ ಆಗಸ್ಟಿನಲ್ಲಿ ಶ್ರೀಮಂತರು ಅಲ್ಲಿ ಬೇಸಿಗೆ ಕಳೆಯುತ್ತಿದ್ದಾಗ ಚಂಡಮಾರುತ ಬಂದು ಸುಮಾರು ಇನ್ನೂರು ಜನರನ್ನು ಕೊಂದು, ದ್ವೀಪವನ್ನು ತುಂಡರಿಸಿತು. ತುಂಡುಗಳು ಮತ್ತೆ ಕೂಡಲಿಲ್ಲ. ಮುಂದೆ ನದಿಗೆ ಎರಡೂ ಬದಿ ಏರಿ ಕಟ್ಟಿ ಮಣ್ಣೆಲ್ಲ ಆಳ ಸಮುದ್ರಕ್ಕೆ ಹೋಗುವಂತೆ ಮಾಡಿದ ಮೇಲೆ ಈ ಸಾವು ಇನ್ನೂ ಬೇಗವಾಯಿತು. ಹಾಗಾಗಿ ಪ್ರಕೃತಿಗೆ ಬಿಟ್ಟುಬಿಡಿ, ಅದೇ ಸರಿಮಾಡಿಕೊಳ್ಳುತ್ತದೆ ಎಂಬ ಹಗುರ ಮಾತನ್ನೂ ನಾನು ಆಡಲಾರೆ. ಮರಳು ಬಂದರೆ, ಏರುವ ಕಡಲು ಸಾವಧಾನ ತೋರಿದರೆ, ಸರಿಯಲು ಹಿಂದೆ ಜಾಗವಿದ್ದರೆ ಮಾತ್ರ ದ್ವೀಪ ನಡೆಯುತ್ತದೆ. ಈ ಮೂರಕ್ಕೂ ಈಗ ನಮ್ಮ ಕೈ ತಾಗಿದೆ.

ಹೀಗಿರುವಾಗ ಆಳುವವರು ಮಾಡಿದ್ದೇನು? ನಾರ್ತ್ ಕೆರೊಲಿನಾದ ವಿಜ್ಞಾನಿಗಳ ಸಮಿತಿ 2010ರಲ್ಲಿ, 2100ರ ಹೊತ್ತಿಗೆ ಕಡಲು ಒಂದು ಮೀಟರಿನಷ್ಟು ಏರಬಹುದೆಂದು ಲೆಕ್ಕಹಾಕಿ ಯೋಜನೆ ಮಾಡಿ ಎಂದಿತು. ನಿವೇಶನದ ಬೆಲೆ ಬೀಳುತ್ತದೆಂದು ಗದ್ದಲವಾಯಿತು. 2012ರಲ್ಲಿ ಶಾಸನಸಭೆ ಒಂದು ಕಾನೂನನ್ನೇ ಮಾಡಿ, 2016ರ ಜುಲೈವರೆಗೆ ನಿಯಂತ್ರಣದ ಉದ್ದೇಶಕ್ಕೆ ಕಡಲೇರಿಕೆಯ ದರವನ್ನು ಗೊತ್ತುಪಡಿಸಕೂಡದು ಎಂದಿತು. ಕಡಲಿಗೆ ತಡೆಯಾಜ್ಞೆ ತಂದ ಮೊದಲ ಸರ್ಕಾರ ಅದೇ ಇರಬೇಕು. ವಿಮೆಯ ಕತೆ ಇನ್ನೂ ವಿಚಿತ್ರ. ಸರ್ಕಾರದ ನೆರೆವಿಮೆ ಮನೆ ಬಿದ್ದ ಮೇಲೆ ಎರಡೂವರೆ ಲಕ್ಷ ಡಾಲರಿನವರೆಗೆ ಕೊಡುತ್ತದೆ. ಬೀಳುವ ಮೊದಲೇ ಕೆಡವಲು ಅಥವಾ ಸ್ಥಳಾಂತರಿಸಲು ಹಣ ಕೊಡುವ ಒಂದು ತಿದ್ದುಪಡಿ 1980ರ ದಶಕದ ಕೊನೆಗೆ ಬಂದಿತ್ತು, 1994ರ ಕಾಯ್ದೆ ಅದನ್ನು ಕೊನೆಗೊಳಿಸಿತು. ಅಂದರೆ ಮಾಲೀಕನಿಗೆ ಲಾಭ ಬೇಕಿದ್ದರೆ ಮನೆ ಕಡಲಿಗೆ ಬೀಳುವವರೆಗೆ ಕಾಯಬೇಕು. ಬಿದ್ದ ಮನೆಯ ಮೊಳೆ, ಹಲಗೆ, ಶೌಚದ ಗುಂಡಿಯ ಕೊಳೆ ಮೈಲುಗಟ್ಟಲೆ ದಂಡೆಗೆ ಹರಡುತ್ತದೆ. 2023ರಲ್ಲಿ ಉದ್ಯಾನ ಇಲಾಖೆ ರೊಡ್ಯಾಂಥಿಯ ಎರಡು ಮನೆಗಳನ್ನು ಖರೀದಿಸಿ, ಬೀಳುವ ಮೊದಲೇ ಕೆಡವಿತು. ಸರಿಯಾದ ದಿಕ್ಕಿನ ಸಣ್ಣ ಹೆಜ್ಜೆ.

ನಮ್ಮಲ್ಲಿ ತಡೆದ್ವೀಪಗಳ ಉದ್ದ ಸಾಲಿಲ್ಲ. ಆದರೆ ಅವುಗಳ ಹತ್ತಿರದ ನೆಂಟರಿದ್ದಾರೆ. ಒಂದು ತುದಿ ನೆಲಕ್ಕೆ ಅಂಟಿ, ಇನ್ನೊಂದು ತುದಿ ಅಳಿವೆಯ ಕಡೆ ಚಾಚಿರುವ ಮರಳಿನ ನಾಲಿಗೆಗಳು. ಮಂಗಳೂರಿನ ತೋಟ ಬೆಂಗ್ರೆ, ಕಸಬ ಬೆಂಗ್ರೆ, ಉಡುಪಿಯ ಕೋಡಿ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗು, ಮನೆ, ಬಲೆ ಒಣಹಾಕುವ ಜಾಗ. ಇವನ್ನು ನಡೆಸುವುದೂ ಅದೇ ಅಲೆ, ಅದೇ ಅಳಿವೆ. ಮಳೆಗಾಲದಲ್ಲಿ ಕಡಲು ಮರಳನ್ನು ಎಳೆದೊಯ್ಯುತ್ತದೆ, ಮಳೆ ನಿಂತ ಮೇಲೆ ಬಹುಪಾಲು ತಂದು ಹಾಕುತ್ತದೆ. ಆ ಎರಡನೆಯ ಅರ್ಧವನ್ನು ನೋಡುವ ತಾಳ್ಮೆ ನಮ್ಮ ವ್ಯವಸ್ಥೆಗಿಲ್ಲ. ಪ್ರತಿ ಜೂನ್-ಜುಲೈಯಲ್ಲಿ ಉಳ್ಳಾಲದ ಆಸುಪಾಸಿನಿಂದ ಕಡಲ್ಕೊರೆತದ ಚಿತ್ರ ಬರುತ್ತದೆ, ಜನಪ್ರತಿನಿಧಿಗಳು ಭೇಟಿ ಕೊಡುತ್ತಾರೆ, ಲಾರಿಗಳಲ್ಲಿ ಬಂಡೆ ಬರುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬಂಡೆ ಮರಳಿನಲ್ಲಿ ಹೂತು, ಮತ್ತೆ ಬಂಡೆ ಬರುತ್ತದೆ. ಕಡಲಿಗೆ ಮರಳು ತರಬೇಕಾದ ಹೊಳೆಗಳಿಂದ ನಾವೇ ಹೊಯ್ಗೆ ತೆಗೆದು ಮಾರಿದ್ದೇವೆ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ರೊಡ್ಯಾಂಥಿಗೂ ಬೆಂಗ್ರೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಬಿದ್ದ ಮನೆಗಳಲ್ಲಿ ಹೆಚ್ಚಿನವು ರಜೆ ಕಳೆಯುವವರಿಗೆ ಬಾಡಿಗೆಗೆ ಕೊಡುವಂಥವು. ಇಲ್ಲಿಯ ಮೀನುಗಾರನಿಗೆ ದಂಡೆಯೇ ಹೊಲ. ಅವನನ್ನು ಐದು ಮೈಲಿ ಒಳಗೆ ಫ್ಲ್ಯಾಟಿಗೆ ಹೋಗು ಎನ್ನುವುದು ರೈತನಿಗೆ ಬೀದಿಬದಿಯ ಅಂಗಡಿ ಕೊಟ್ಟಂತೆ. ಹಿಂದೆ ಸರಿಯುವ ಮಾತು ಆಡುವವರು ಯಾರಿಗೆ, ಎಷ್ಟು ದೂರ, ಯಾವ ಹಕ್ಕಿನೊಂದಿಗೆ ಎಂಬುದನ್ನೂ ಹೇಳಬೇಕು. ನಮ್ಮ ಕಾನೂನು ಹೇಳುವುದು ಗೆರೆಯ ಭಾಷೆಯಲ್ಲಿ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಎಂದು ಅಳೆಯಿತು. ಅಳೆಯಲು ಹೊರಟ ಗೆರೆಯೇ ನಡೆಯುತ್ತಿದೆ. ದಂಡೆ ಮುಂದೆ ಎಲ್ಲಿಗೆ ಬರಬಹುದು ಎಂಬುದನ್ನೂ ಸೇರಿಸಿ 'ಅಪಾಯ ರೇಖೆ' ಎಂದೊಂದನ್ನು ಆಮೇಲೆ ಗುರುತಿಸಿದರು. 2019ರ ಅಧಿಸೂಚನೆ ಅದನ್ನು ನಿಯಂತ್ರಣದಿಂದ ಬೇರ್ಪಡಿಸಿ, ವಿಪತ್ತು ನಿರ್ವಹಣೆಯ ಸಾಧನವನ್ನಾಗಿ ಮಾತ್ರ ಉಳಿಸಿತು. ಚಲಿಸುವ ನೆಲವನ್ನು ಒಪ್ಪಿಕೊಳ್ಳುವ ಒಂದೇ ಒಂದು ಗೆರೆಯನ್ನೂ ಹೀಗೆ ಬದಿಗಿಟ್ಟದ್ದು ನನಗೆ ಸರಿಕಾಣುವುದಿಲ್ಲ. ಬಂಡೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು, ದಂಡೆಯ ಹಕ್ಕು ಬಿಡದೆ ಒಂದಿಷ್ಟು ಹಿಂದೆ ಮನೆ ಕಟ್ಟಿಕೊಳ್ಳಲು ಅದೇ ಕುಟುಂಬಗಳಿಗೆ ಕೊಟ್ಟರೆ ಆಗದೆ? ಕೇಳಿ ನೋಡಿದವರು ಕಡಿಮೆ.

ಊರೇ ಎದ್ದು ಸರಿದದ್ದಕ್ಕೆ ಉದಾಹರಣೆಯಿದೆ. ವರ್ಜೀನಿಯಾದ ಹಾಗ್ ದ್ವೀಪದಲ್ಲಿ ಬ್ರಾಡ್‌ವಾಟರ್ ಎಂಬ ಊರಿತ್ತು, ಇನ್ನೂರೈವತ್ತರಷ್ಟು ಜನ. 1933ರ ಚಂಡಮಾರುತದ ನಂತರ ಅವರು ಮನೆಗಳನ್ನು ಬುಡಸಮೇತ ಎತ್ತಿ, ದೋಣಿತೆಪ್ಪಗಳ ಮೇಲಿಟ್ಟು ಮುಖ್ಯ ನೆಲಕ್ಕೆ ಸಾಗಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ಅಲ್ಲಿಯ ಹಳ್ಳಿಗಳಲ್ಲಿವೆ. ಊರಿದ್ದ ಜಾಗ ಈಗ ಸಾಗರದಲ್ಲಿ.

ಆದರೆ ಸರಿದವರಲ್ಲಿ ಎಲ್ಲರಿಗಿಂತ ಭಾರದ್ದು ಹ್ಯಾಟರಸ್ ಭೂಶಿರದ ದೀಪಸ್ತಂಭ. ಕಪ್ಪು ಬಿಳಿ ಪಟ್ಟೆ ಸುತ್ತಿದ, ಅರವತ್ತು ಮೀಟರಿನ ಇಟ್ಟಿಗೆಯ ಗೋಪುರ. 1870ರಲ್ಲಿ ಕಟ್ಟಿದಾಗ ಕಡಲು 450 ಮೀಟರ್ ದೂರದಲ್ಲಿತ್ತು. 1970ರ ಹೊತ್ತಿಗೆ ನಲವತ್ತು ಮೀಟರೂ ಇರಲಿಲ್ಲ. ಮರಳು ಸುರಿದರು, ಚೀಲ ಪೇರಿಸಿದರು, ಅಡ್ಡಗೋಡೆ ಹಾಕಿದರು. ಸ್ಥಳಾಂತರಿಸಿ ಎಂದು 1988ರಲ್ಲಿ ವಿಜ್ಞಾನ ಅಕಾಡೆಮಿಯ ವರದಿ ಹೇಳಿದಾಗ ಸ್ಥಳೀಯರಲ್ಲಿ ಹಲವರು ವಿರೋಧಿಸಿದರು; ಎತ್ತಿದರೆ ಮುರಿಯುತ್ತದೆ, ಅದರ ಜಾಗವೇ ಅದರ ಇತಿಹಾಸ ಎಂದರು. 1999ರ ಬೇಸಿಗೆಯಲ್ಲಿ 4,800 ಟನ್ನಿನ ಆ ಗೋಪುರವನ್ನು ಬುಡದಿಂದ ಕತ್ತರಿಸಿ, ಜಾಕಿಯಿಂದ ಎತ್ತಿ, ಉಕ್ಕಿನ ಹಳಿಗಳ ಮೇಲೆ ಐದೈದು ಅಡಿಯಂತೆ ತಳ್ಳುತ್ತ 23 ದಿನಗಳಲ್ಲಿ 880 ಮೀಟರ್ ಒಳಗೆ ತಂದು ನಿಲ್ಲಿಸಿದರು. ಕಡಲಿಗೂ ಅದಕ್ಕೂ ಮತ್ತೆ ಹಿಂದಿನಷ್ಟೇ ದೂರ.

ಹಳೆಯ ಜಾಗವನ್ನು ಜನ ಮರೆಯಬಾರದೆಂದು ಅಡಿಪಾಯದ ಗ್ರಾನೈಟ್ ಕಲ್ಲುಗಳನ್ನು ಅಲ್ಲೇ ವೃತ್ತವಾಗಿ ಜೋಡಿಸಿ, ಅವುಗಳ ಮೇಲೆ ದೀಪ ಕಾಯ್ದವರ ಹೆಸರುಗಳನ್ನು ಕೆತ್ತಿಸಿದರು. ಒಂದೊಂದು ತೂಫಾನಿಗೂ ಕಲ್ಲುಗಳು ಮರಳಿನಲ್ಲಿ ಹೂತುಹೋಗುತ್ತಿದ್ದವು. 2015ರಲ್ಲಿ ಅವನ್ನೂ ಅಗೆದು ತೆಗೆದು, ಲಾರಿಗೆ ಹೇರಿ, ದೀಪಸ್ತಂಭದ ಹೊಸ ಜಾಗಕ್ಕೆ ತಂದರು.